ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದು ಲಂಡನ್ ಪೇಟೆ ಸೇರುವುದು ಹೇಗೆ: ಮಕ್ಕಳನ್ನು ನೋಡಲು ಹೊರಟ ನಮ್ಮ ಕಡೆಯ ಅಪ್ಪ-ಅಮ್ಮಂದಿರಿಗೆ ಪೂರ್ತಿ ಮಾರ್ಗದರ್ಶಿ

ನಾನು ವಿಜಯಪುರದವನು. ಮಗ ಲಂಡನ್ನಿನ ಪೂರ್ವ ಭಾಗದಲ್ಲಿ, ಇಲ್ಫರ್ಡ್ ಅನ್ನುವ ಕಡೆ ಇದ್ದಾನೆ. ನಾನೂ ನನ್ನ ಹೆಂಡತಿಯೂ ಮೂರು ಸಲ ಹೋಗಿ ಬಂದಿದ್ದೇವೆ. ಈಗ ನಮ್ಮ ಓಣಿಯಲ್ಲಿ ಯಾರ ಮನೆಗೆ ಲಂಡನ್ ಟಿಕೆಟ್ ಬಂದರೂ ಸಂಜೆ ಹೊತ್ತಿಗೆ ನಮ್ಮ ಕಟ್ಟೆಗೆ ಬಂದು ಕೂರುತ್ತಾರೆ. ಕೇಳುವ ಪ್ರಶ್ನೆ ಒಂದೇ. "ಕಾಕಾ, ಬೆಂಗಳೂರಿನ ತನಕ ಹೆಂಗರ ಹೋಗ್ತೀವಿ. ಅಲ್ಲಿ ಇಳಿದ ಮ್ಯಾಲ ಯಾರನ್ನ ಕೇಳೂದು?"

ನಾನು ಹೇಳುವುದೂ ಒಂದೇ. ಯಾರನ್ನೂ ಕೇಳುವ ಮೊದಲು ತಲೆ ಎತ್ತಿ ಬೋರ್ಡ್ ನೋಡಿ. ಜನರ ಬೆನ್ನು ಹತ್ತಬೇಡಿ, ಬೋರ್ಡಿನ ಬೆನ್ನು ಹತ್ತಿ. ಮೊದಲ ಸಲ ನಾವು ಜನರ ಬೆನ್ನು ಹತ್ತಿ ದಾರಿ ತಪ್ಪಿದ್ದೆವು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಮನೆಯಲ್ಲಿ ಮಾಡಿಕೊಳ್ಳಬೇಕಾದ ಕೆಲಸ.

ಹೊರಡುವ ಮೊದಲು

ಟಿಕೆಟ್ ತೆಗೆದು ನೋಡಿ. ಹೀಥ್ರೋ ಎಂದಿರುವ ಕಡೆ ಪಕ್ಕದಲ್ಲೇ ಟರ್ಮಿನಲ್ ನಂಬರ್ ಇರುತ್ತದೆ. ಅದನ್ನು ಗುಂಡು ಹಾಕಿ ಗುರುತು ಮಾಡಿ. ಹೀಥ್ರೋದಲ್ಲಿ ಈಗ ನಡೆಯುತ್ತಿರುವುದು 2, 3, 4 ಮತ್ತು 5ನೇ ಟರ್ಮಿನಲ್. ಒಂದನೆಯದು 2015ರಲ್ಲೇ ಮುಚ್ಚಿದೆ. 2 ಮತ್ತು 3 ಅಕ್ಕಪಕ್ಕ ಇವೆ. ಒಳದಾರಿಯಲ್ಲಿ ನಡೆದೇ ಹೋಗಬಹುದು. 4 ಮತ್ತು 5 ಬೇರೆ ಬೇರೆ ದಿಕ್ಕಿನಲ್ಲಿವೆ, ನಡೆದು ಹೋಗುವ ಮಾತೇ ಇಲ್ಲ. ಬ್ರಿಟಿಷ್ ಏರ್‌ವೇಸ್ ವಿಮಾನ ಬೆಂಗಳೂರಿನಿಂದ ನೇರವಾಗಿ 5ನೇ ಟರ್ಮಿನಲ್‌ಗೆ ಹೋಗುತ್ತದೆ. ದುಬೈ ಮೇಲೆ ಎಮಿರೇಟ್ಸ್‌ನಲ್ಲಿ ಹೋದರೆ 3ನೆಯದು. ಆದರೂ ವಿಮಾನ ಕಂಪನಿಗಳು ಆಗಾಗ ಜಾಗ ಬದಲಿಸುತ್ತವೆ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಈ ನಂಬರ್ ಮಗನಿಗೂ ಗೊತ್ತಿರಬೇಕು. ಅವನು 3ರಲ್ಲಿ, ನೀವು 5ರಲ್ಲಿ ನಿಂತರೆ ಇಬ್ಬರಿಗೂ ಒದ್ದಾಟ.

ಎರಡನೆಯದು, ಒಂದು ಹಾಳೆ. ಫೋನಿನಲ್ಲಿ ಇದೆ ಎಂದು ಬಿಡಬೇಡಿ, ಫೋನ್ ಬ್ಯಾಟರಿ ಮುಗಿಯುತ್ತದೆ. ದಪ್ಪ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ: ಮಗ ಅಥವಾ ಮಗಳ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರ್, ಅವರು ಮಾಡುವ ಕೆಲಸ, ನೀವು ವಾಪಸ್ ಬರುವ ತಾರೀಖು. ವಿಳಾಸದ ಕೊನೆಗೆ ಬರುವ ಪೋಸ್ಟ್‌ಕೋಡ್ ತಪ್ಪದೆ ಇರಲಿ. ನಮ್ಮ ಪಿನ್‌ಕೋಡ್ ಇಡೀ ಊರಿಗೋ ಬಡಾವಣೆಗೋ ಒಂದು. ಅಲ್ಲಿನ ಪೋಸ್ಟ್‌ಕೋಡ್ ಹಿಡಿದರೆ ಹೆಚ್ಚುಕಡಿಮೆ ಓಣಿಗೇ ಹೋಗಿ ನಿಲ್ಲಬಹುದು. ಟ್ಯಾಕ್ಸಿಯವನಿಗೆ ಅದೊಂದೇ ಸಾಕು.

ಅದೇ ಹಾಳೆಯ ಹಿಂಬದಿಗೆ ನಾನು ಇನ್ನೊಂದು ಬರೆಸುತ್ತೇನೆ. ವಿಮಾನ ನಿಲ್ದಾಣದಲ್ಲಿ ಕಾಣುವ ನಾಲ್ಕು ಇಂಗ್ಲಿಷ್ ಮಾತುಗಳು: ಅರೈವಲ್ಸ್ (ಇಳಿದವರು ಹೊರಗೆ ಹೋಗುವ ದಾರಿ), ಬ್ಯಾಗೇಜ್ ರಿಕ್ಲೇಮ್ (ಬ್ಯಾಗ್ ಸಿಗುವ ಜಾಗ), ಯುಕೆ ಬಾರ್ಡರ್ (ಪಾಸ್‌ಪೋರ್ಟ್ ನೋಡುವ ಜಾಗ), ಫ್ಲೈಟ್ ಕನೆಕ್ಷನ್ಸ್ (ಬೇರೆ ವಿಮಾನ ಹತ್ತುವವರ ದಾರಿ). ಮೊದಲ ಮೂರಕ್ಕೆ ಸರಿ ಗುರುತು, ನಾಲ್ಕನೆಯದಕ್ಕೆ ತಪ್ಪು ಗುರುತು. ಇಂಗ್ಲಿಷ್ ಓದಲು ಬಾರದ ಅವ್ವನೂ ಅಕ್ಷರದ ಆಕಾರ ಹೋಲಿಸಿ ನೋಡಬಹುದು. ನಮ್ಮ ಓಣಿಯ ಒಬ್ಬ ಅಜ್ಜಿ ಇದೇ ಹಾಳೆ ಹಿಡಿದು ಒಬ್ಬರೇ ಹೋಗಿ ಮಗಳ ಮನೆ ಮುಟ್ಟಿದ್ದಾರೆ.

ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದೋ ಅಥವಾ ಕಾಗದವಿಲ್ಲದೆ ಕಂಪ್ಯೂಟರಿನಲ್ಲೇ ಇರುವ ಇ-ವೀಸಾನೋ ನೋಡಿಕೊಳ್ಳಿ. ಬ್ರಿಟನ್ ಈಗ ಸ್ಟಿಕ್ಕರ್ ಬಿಟ್ಟು ಇ-ವೀಸಾ ಕಡೆಗೆ ಹೋಗುತ್ತಿದೆ. ಇ-ವೀಸಾ ಆದರೆ ಅದು ನೀವು ಕೈಯಲ್ಲಿ ಹಿಡಿದ ಪಾಸ್‌ಪೋರ್ಟಿಗೇ ಜೋಡಣೆ ಆಗಿರಬೇಕು. ಹಳೆ ಪಾಸ್‌ಪೋರ್ಟ್ ಮುಗಿದು ಹೊಸದು ಮಾಡಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನು ದುಡ್ಡು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ ಎಂದುಕೊಂಡೇ ಹೋಗಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಬ್ಯಾಂಕ್ ಕಾರ್ಡ್ ಬೇಕು. ಬ್ಯಾಂಕಿನ ಆಪ್‌ನಲ್ಲಿ ವಿದೇಶದ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ (ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ ದುಡ್ಡು ಕೊಡುವುದು) ಎರಡನ್ನೂ ಚಾಲೂ ಮಾಡಿಸಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನಾವೇ ಚಾಲೂ ಮಾಡುವ ತನಕ ವಿದೇಶದಲ್ಲಿ ಕಾರ್ಡ್ ಕೆಲಸ ಮಾಡುವುದಿಲ್ಲ. ಆಪ್ ಗೊತ್ತಾಗದಿದ್ದರೆ ಬ್ಯಾಂಕಿಗೆ ಹೋಗಿ ಕೂತು ಮಾಡಿಸಿಕೊಳ್ಳಿ. ಗಂಡ-ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಯಾಕೆ ಅನ್ನುವುದು ರೈಲಿನ ಹತ್ತಿರ ಗೊತ್ತಾಗುತ್ತದೆ. ಜೊತೆಗೆ ನೂರು ಪೌಂಡಿನಷ್ಟು ನೋಟು ಇಲ್ಲೇ ಬದಲಿಸಿ ಇಟ್ಟುಕೊಳ್ಳಿ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಿಗುವ ದರ ಕಡಿಮೆ.

ನಡೆಯಲು ಕಷ್ಟ ಇದ್ದವರು ಗಾಲಿಕುರ್ಚಿ ಕೇಳಲು ನಾಚಬೇಡಿ. ಅದಕ್ಕೆ ದುಡ್ಡಿಲ್ಲ. ಹೀಥ್ರೋದಲ್ಲಿ ವಿಮಾನದ ಬಾಗಿಲಿನಿಂದ ಹೊರಗಿನ ತನಕ ಬಹಳ ದೂರ. ಮೊಣಕಾಲು ನೋವಿದ್ದವರು ಅರ್ಧಕ್ಕೇ ಕೂತುಬಿಡುತ್ತಾರೆ. ಕನಿಷ್ಠ 48 ತಾಸು ಮೊದಲು ವಿಮಾನ ಕಂಪನಿಗೇ ಹೇಳಬೇಕು. ಎರಡನೇ ಸಲ ಹೋದಾಗ ಟಿಕೆಟ್ ಮಾಡಿಸಿದ ಏಜೆಂಟ್ "ಹಾಕೇನ್ರಿ" ಅಂದಿದ್ದ. ಬೆಂಗಳೂರಿಗೆ ಹೋಗಿ ಕೇಳಿದರೆ ಹಾಕಿಯೇ ಇರಲಿಲ್ಲ. ನನ್ನ ಹೆಂಡತಿ ಅವತ್ತು ಕಾಲೆಳೆದುಕೊಂಡು ನಡೆದದ್ದು ನನಗೆ ಇನ್ನೂ ಸಂಕಟ. ಅದಕ್ಕೇ ಹೇಳುತ್ತೇನೆ, ಏಜೆಂಟ್ ಮಾತು ನಂಬಿ ಕೂರಬೇಡಿ. ಟಿಕೆಟ್ ಮೇಲೆ ಗಾಲಿಕುರ್ಚಿಯ ಗುರುತು ಮೂಡಿದೆಯಾ ಅಂತ ನೀವೇ ನೋಡಿ.

ಬುತ್ತಿ ಕಟ್ಟುವಾಗ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಕಡೆಯವರು ಬರಿಗೈಯಲ್ಲಿ ಮಕ್ಕಳ ಮನೆಗೆ ಹೋಗುವುದಿಲ್ಲ, ಅಲ್ವಾ?

ಬ್ರಿಟನ್ನಿಗೆ ನಮ್ಮಲ್ಲಿಂದ ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ದನಕರುಗಳ ರೋಗ ಒಳಗೆ ಬರಬಾರದು ಅಂತ ಆ ನಿಯಮ. ಅಂದರೆ ಬೆಳಗಾವಿ ಕುಂದಾ ಇಲ್ಲ, ಧಾರವಾಡ ಪೇಢಾ ಇಲ್ಲ, ಮನೆಯ ತುಪ್ಪದ ಡಬ್ಬಿಯೂ ಇಲ್ಲ. ಕೇಳಲು ಬೇಸರವಾಗುತ್ತದೆ, ಗೊತ್ತು. ಆದರೆ ಸಿಕ್ಕರೆ ಅಲ್ಲೇ ತೆಗೆದುಕೊಂಡು ಬಿಸಾಡುತ್ತಾರೆ. ಬೀಜ, ಸಸಿ, ಹಸಿ ಕಾಯಿಪಲ್ಲೆಯ ಗೊಡವೆಗೂ ಹೋಗಬೇಡಿ.

ಒಯ್ಯಬಹುದಾದದ್ದು ಬೇಕಾದಷ್ಟಿದೆ. ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಗಟ್ಟಿ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಪುಡಿಯಾಗುತ್ತದೆ. ಹಿಂಡಿ, ಉಪ್ಪಿನಕಾಯಿ, ರಂಜಕ ಎಲ್ಲ ದೊಡ್ಡ ಬ್ಯಾಗಿಗೆ ಹೋಗಬೇಕು. ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಒಂದೊಂದರ ಮೇಲೂ ಏನಿದೆ ಅಂತ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ. ಪುಡಿ ನೋಡಿದರೆ ಅವರಿಗೆ ಏನು ತಿಳಿಯಬೇಕು?

ಕೊಬ್ಬರಿ ಬಟ್ಟಲು ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಎಂದು ನಮ್ಮ ವಿಮಾನ ನಿಲ್ದಾಣಗಳಲ್ಲೇ ಹಿಡಿಯುತ್ತಾರೆ. ದೇವರ ಸಾಮಾನಿನಲ್ಲಿ ಕರ್ಪೂರ, ಕಡ್ಡಿಪೆಟ್ಟಿಗೆ ತೆಗೆದಿಡಿ. ವಿಭೂತಿ ಗಟ್ಟಿಗೆ ತೊಂದರೆ ಇಲ್ಲ. ಗುಳಿಗೆಗಳು ಕೈಚೀಲದಲ್ಲೇ ಇರಲಿ, ಪಟ್ಟಿಯಿಂದ ಬಿಡಿಸದೆ, ಡಾಕ್ಟರ ಚೀಟಿಯ ಜೊತೆ.

ಬ್ಯಾಗಿಗೆ ಗುರುತು ಕಟ್ಟಿ. ನನ್ನ ಹೆಂಡತಿ ಹಳೆಯ ಇಳಕಲ್ ಸೀರೆಯ ಸೆರಗನ್ನು ಪಟ್ಟಿ ಪಟ್ಟಿ ಹರಿದು ಹಿಡಿಕೆಗೆ ಕಟ್ಟುತ್ತಾಳೆ. ನೂರು ಕಪ್ಪು ಬ್ಯಾಗುಗಳ ನಡುವೆ ಆ ಕೆಂಪು ದೂರದಿಂದಲೇ ಕಾಣುತ್ತದೆ.

ವಿಜಯಪುರದಿಂದ ವಿಮಾನದ ತನಕ

ಇದು ನಿಮಗೆ ಗೊತ್ತಿರುವ ದಾರಿ, ಬೇಗ ಹೇಳಿಬಿಡುತ್ತೇನೆ. ನಮ್ಮಿಂದ ಬೆಂಗಳೂರು 500 ಕಿಲೋಮೀಟರಿಗಿಂತ ಜಾಸ್ತಿ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಆಗಲಿ, ರಾತ್ರಿ ಬಸ್ ಆಗಲಿ, ವಿಮಾನದ ದಿನವೇ ಮುಟ್ಟುವ ಲೆಕ್ಕ ಹಾಕಬೇಡಿ. ಒಂದು ದಿನ ಮೊದಲೇ ಬೆಂಗಳೂರಿನಲ್ಲಿರಿ. ಬೆಳಗಾವಿ ಕಡೆಯವರು ಸಾಂಬ್ರಾದಿಂದ ವಿಮಾನ ಹಿಡಿಯಬಹುದು, ಆದರೆ ನಡುವೆ ಸಾಕಷ್ಟು ಸಮಯ ಇರಲಿ.

ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಿಎಂಟಿಸಿಯ ವಾಯುವಜ್ರ ಬಸ್ ಇದೆ, ನಂಬರ್ ಕೆಐಎ-9. ಸುಮಾರು 35 ಕಿಲೋಮೀಟರ್ ದೂರ. ಟ್ರಾಫಿಕ್ ಇದ್ದರೆ ಎರಡು ತಾಸು ಹಿಡಿಯಿರಿ. ವಿದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ 2ನೇ ಟರ್ಮಿನಲ್‌ನಿಂದ ಹೋಗುತ್ತವೆ. ಬಸ್ಸಿನವರಿಗೆ "ಟಿ-ಟು" ಅಂದರೆ ಸಾಕು. ಮೂರು ತಾಸು ಮೊದಲೇ ಒಳಗಿರಿ. ಬ್ಯಾಗ್ ಕೊಟ್ಟಾಗ ಬೋರ್ಡಿಂಗ್ ಪಾಸಿನ ಹಿಂದೆ ಒಂದು ಸಣ್ಣ ಪಟ್ಟಿ ಚೀಟಿ ಅಂಟಿಸುತ್ತಾರೆ. ಅದನ್ನು ಜೋಪಾನ ಮಾಡಿ. ಬ್ಯಾಗ್ ಕಳೆದರೆ ಅದೇ ನಿಮ್ಮ ಸಾಕ್ಷಿ.

ನೇರ ವಿಮಾನ ಹತ್ತು-ಹನ್ನೊಂದು ತಾಸು. ಇಳಿದ ಮೇಲೆ ಗಡಿಯಾರ ಹಿಂದೆ ತಿರುಗಿಸಬೇಕು. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಐದೂವರೆ ತಾಸು. ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ.

ಇಳಿದ ಕೂಡಲೇ

ವಿಮಾನ ನಿಂತ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ನೀವು ಕೂತಿರಿ. ಅವಸರ ಇದ್ದವರು ಹೋಗಲಿ. ಗಾಲಿಕುರ್ಚಿ ಹೇಳಿದವರು ಎಲ್ಲರೂ ಇಳಿಯುವ ತನಕ ಸೀಟಿನಲ್ಲೇ ಇರಬೇಕು, ಬಾಗಿಲ ಹತ್ತಿರ ಅವರೇ ಬಂದು ಕರೆದೊಯ್ಯುತ್ತಾರೆ.

ಈಗ ಆ ತಪ್ಪಿನ ಮಾತು. ಹೀಥ್ರೋದಲ್ಲಿ ಬೋರ್ಡುಗಳು ಹಳದಿ, ಅಕ್ಷರ ಕಪ್ಪು. ನೀವು ಹಿಡಿಯಬೇಕಾದ್ದು ಹಳದಿ ಬೋರ್ಡಿನ ಅರೈವಲ್ಸ್. ಇನ್ನೊಂದು ಥರದ ಬೋರ್ಡ್ ನೇರಳೆ ಬಣ್ಣದ್ದು, ಅದು ಫ್ಲೈಟ್ ಕನೆಕ್ಷನ್ಸ್. ಅಲ್ಲಿಂದ ಬೇರೆ ವಿಮಾನ ಹತ್ತಿ ಅಮೆರಿಕಕ್ಕೋ ಕೆನಡಾಕ್ಕೋ ಹೋಗುವವರ ದಾರಿ. ಮೊದಲ ಸಲ ನಮ್ಮ ಜೊತೆ ಇಳಿದವರಲ್ಲಿ ಅರ್ಧಕ್ಕರ್ಧ ಜನ ಅತ್ತ ಹೋದರು. ನಮ್ಮ ಭಾಷೆಯವರೇ ಇದ್ದರು, ಮಾತಾಡುತ್ತ ನಾವೂ ಹಿಂದೆ ಹೋದೆವು. ಕೊನೆಗೆ ತಪಾಸಣೆಯ ಸಾಲಿನಲ್ಲಿ ಟಿಕೆಟ್ ಕೇಳಿದರು, ಮುಂದಿನ ಟಿಕೆಟ್ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ವಾಪಸ್ ಕಳಿಸಿದರು. ಆ ಹೊತ್ತಿಗೆ ಎದೆ ಢವಢವ. ಮಗ ಹೊರಗೆ ಎರಡು ತಾಸು ಕಾದ.

ದುಬೈ ಮೇಲೆ ಹೋಗುವವರಿಗೆ ದುಬೈನಲ್ಲಿ ಇದರ ಉಲ್ಟಾ. ಅಲ್ಲಿ ಕನೆಕ್ಷನ್ಸ್ ಬೋರ್ಡನ್ನೇ ಹಿಡಿಯಬೇಕು, ಅರೈವಲ್ಸ್ ಅಲ್ಲ.

5ನೇ ಟರ್ಮಿನಲ್‌ನಲ್ಲಿ ಒಂದು ದೊಡ್ಡ ಕಟ್ಟಡ, ಅದರ ಆಚೆ ಎರಡು ಚಿಕ್ಕ ಕಟ್ಟಡ. ನಿಮ್ಮ ವಿಮಾನ ಚಿಕ್ಕ ಕಟ್ಟಡಕ್ಕೆ ಬಂದರೆ ನೆಲದಡಿಯಲ್ಲಿ ಪುಟ್ಟ ರೈಲು ಹತ್ತಿ ದೊಡ್ಡ ಕಟ್ಟಡಕ್ಕೆ ಬರಬೇಕು. ಅದಕ್ಕೆ ಡ್ರೈವರ್ ಇಲ್ಲ, ಟಿಕೆಟ್ ಇಲ್ಲ. ಬಾಗಿಲು ತೆರೆದಾಗ ಹತ್ತಿ, ಅಷ್ಟೇ. 2ನೇ ಟರ್ಮಿನಲ್‌ನಲ್ಲಿ ನೆಲದಡಿಯ ಉದ್ದನೆಯ ದಾರಿ ಇದೆ, ಚಲಿಸುವ ಪಟ್ಟಿಯ ಮೇಲೆ ನಿಂತು ಹೋಗಬಹುದು. ಪಟ್ಟಿಯ ಮೇಲೆ ಬಲಕ್ಕೆ ನಿಲ್ಲಿ, ಎಡಗಡೆ ಅವಸರದವರಿಗೆ.

ದಾರಿಯಲ್ಲಿ ಸಿಗುವ ಶೌಚಾಲಯಕ್ಕೆ ಹೋಗಿಬಿಡಿ. ಮುಂದೆ ಪಾಸ್‌ಪೋರ್ಟ್ ಸಾಲು ಉದ್ದ ಇರಬಹುದು, ಸಾಲು ಬಿಟ್ಟು ಬರುವುದು ಕಷ್ಟ.

ಪಾಸ್‌ಪೋರ್ಟ್ ಸಾಲು

ಯುಕೆ ಬಾರ್ಡರ್ ಎಂದು ದೊಡ್ಡದಾಗಿ ಬರೆದ ಹಜಾರ ಬರುತ್ತದೆ. ಒಂದು ಕಡೆ ಯಂತ್ರದ ಗೇಟುಗಳು. ಅವು ಬ್ರಿಟನ್, ಯುರೋಪ್ ಮತ್ತು ಇನ್ನು ಕೆಲವು ದೇಶದ ಪಾಸ್‌ಪೋರ್ಟಿಗೆ. ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ತೆರೆಯುವುದಿಲ್ಲ. ನಾವು ಬೇರೆ ಎಲ್ಲ ಪಾಸ್‌ಪೋರ್ಟಿನವರ ಸಾಲಿಗೆ ಹೋಗಬೇಕು. ಮೊದಲು ತುಂಬುತ್ತಿದ್ದ ಲ್ಯಾಂಡಿಂಗ್ ಕಾರ್ಡ್ 2019ರಲ್ಲೇ ನಿಂತಿದೆ, ಯಾರಾದರೂ ಹೇಳಿದರೆ ಹುಡುಕಬೇಡಿ. ಇಲ್ಲಿ ಫೋಟೋ ತೆಗೆಯುವಂತಿಲ್ಲ, ಫೋನ್ ಒಳಗಿಡಿ.

ಗಂಡ-ಹೆಂಡತಿ ಒಟ್ಟಿಗೇ ಕೌಂಟರಿಗೆ ಹೋಗಬಹುದು. ಬೆರಳು ಇಡಿಸಿ ನೋಡುತ್ತಾರೆ. ಕೇಳುವುದು ಮೂರ್ನಾಲ್ಕು ಪ್ರಶ್ನೆ. ಯಾಕೆ ಬಂದಿದ್ದೀರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ಮಗ ಏನು ಕೆಲಸ ಮಾಡುತ್ತಾನೆ. ನಿಮ್ಮ ಹಾಳೆಯನ್ನು ಮುಂದಿಟ್ಟರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ. ನಿಜ ಹೇಳಿ, ಚಿಕ್ಕದಾಗಿ ಹೇಳಿ. ಕೇಳದ್ದನ್ನು ಹೇಳುವ ಅಗತ್ಯ ಇಲ್ಲ. ಇಂಗ್ಲಿಷ್ ಬರದಿದ್ದರೆ "ಕನ್ನಡ" ಅನ್ನಿ. ಭಾಷೆ ಗೊತ್ತಿಲ್ಲದವರಿಗೆ ಫೋನಿನಲ್ಲಿ ದುಭಾಷಿ ಕರೆಸುವ ವ್ಯವಸ್ಥೆ ಅವರಲ್ಲಿದೆ.

ಒಂದು ಮಾತಿನ ಬಗ್ಗೆ ಎಚ್ಚರ. ನಮ್ಮಲ್ಲಿ "ಮೊಮ್ಮಗನ್ನ ನೋಡಾಕ ಬಂದೀವಿ" ಅನ್ನುವುದಕ್ಕೂ "ನೋಡಿಕೊಳ್ಳಾಕ ಬಂದೀವಿ" ಅನ್ನುವುದಕ್ಕೂ ದೊಡ್ಡ ಫರಕು ಕಾಣುವುದಿಲ್ಲ. ಅಜ್ಜಿ ಹೋದ ಮೇಲೆ ಕೂಸನ್ನು ಎತ್ತಿಕೊಳ್ಳದೆ ಇರುತ್ತಾಳೆಯೇ? ಆದರೆ ಇಂಗ್ಲಿಷಿಗೆ ಹೋದಾಗ ಎರಡನೆಯದು ಕೂಸು ಆಡಿಸುವ ಕೆಲಸಕ್ಕೆ ಬಂದವರ ಮಾತಿನಂತೆ ಕೇಳುತ್ತದೆ. ನೋಡಲು ಬರುವವರ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ. ಆಗ ಪ್ರಶ್ನೆ ಬೆಳೆಯುತ್ತವೆ. ನೀವು ಹೋಗಿರುವುದು ಮಗ, ಸೊಸೆ, ಮೊಮ್ಮಗನನ್ನು ನೋಡಲು. ಅದನ್ನೇ ಹೇಳಿ.

ಬ್ಯಾಗ್ ಮತ್ತು ಹಸಿರು ದಾರಿ

ಪಾಸ್‌ಪೋರ್ಟ್ ವಾಪಸ್ ಕೈಗೆ ಬಂದ ಮೇಲೆ ಮುಂದೆ ಬ್ಯಾಗೇಜ್ ರಿಕ್ಲೇಮ್. ಟಿವಿ ಪರದೆಯ ಮೇಲೆ ನಿಮ್ಮ ವಿಮಾನದ ನಂಬರ್, ಎದುರಿಗೆ ಬೆಲ್ಟ್ ನಂಬರ್. ತಳ್ಳುಗಾಡಿಗೆ ದುಡ್ಡಿಲ್ಲ, ಮೊದಲು ಅದನ್ನು ಹಿಡಿದುಕೊಳ್ಳಿ. ಬ್ಯಾಗ್ ಬಾರದಿದ್ದರೆ ಗಾಬರಿಯಲ್ಲಿ ಹೊರಗೆ ಹೋಗಬೇಡಿ. ಆ ಹಜಾರದಲ್ಲೇ ವಿಮಾನ ಕಂಪನಿಯ ಟೇಬಲ್ ಇರುತ್ತದೆ. ಪಟ್ಟಿ ಚೀಟಿ ತೋರಿಸಿ, ಮಗನ ವಿಳಾಸ ಕೊಟ್ಟು, ಬರೆದ ನಂಬರ್ ಇಸಿದುಕೊಂಡೇ ಹೊರಡಿ. ನಮ್ಮ ಒಂದು ಬ್ಯಾಗ್ ಹೀಗೆ ಮಾರನೇ ದಿನ ಮನೆಗೇ ಬಂತು.

ಮುಂದೆ ದಾರಿ ಒಡೆಯುತ್ತದೆ. ಹಸಿರು ಬೋರ್ಡ್ ಏನೂ ಹೇಳಬೇಕಾದ್ದಿಲ್ಲದವರಿಗೆ. ಕೆಂಪು ಬೋರ್ಡ್ ಹೇಳಬೇಕಾದವರಿಗೆ. 10,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ನಗದು ಇದ್ದರೆ ಹೇಳಲೇಬೇಕು. ರೊಟ್ಟಿ-ಹಿಂಡಿ ತಂದವರು ಹಸಿರಿನಲ್ಲಿ ಹೋಗಿ. ನಡುವೆ ನಿಲ್ಲಿಸಿ ಬ್ಯಾಗ್ ತೆಗೆಸಿದರೂ ಹೆದರಬೇಡಿ, ನೋಡಿ ಬಿಡುತ್ತಾರೆ.

ಹೊರಗೆ ಬಂದ ಮೇಲೆ

ಬಾಗಿಲು ತೆರೆದರೆ ಕಟಾಂಜನದ ಆಚೆ ಜನ ನಿಂತಿರುತ್ತಾರೆ. ಮಗ ಕಾಣದಿದ್ದರೆ ಅಲ್ಲೇ ಪಕ್ಕಕ್ಕೆ ನಿಲ್ಲಿ. ಹುಡುಕುತ್ತ ಕಟ್ಟಡದ ಹೊರಗೆ ಹೋಗಬೇಡಿ. ಹೀಥ್ರೋದಲ್ಲಿ ವೈಫೈ ಉಚಿತ, ವಾಟ್ಸಾಪ್ ಕರೆ ಮಾಡಬಹುದು. ಜೋಡಿಸಲು ಗೊತ್ತಾಗದಿದ್ದರೆ ಅಲ್ಲಿನ ಕೆಲಸದವರಿಗೆ ಹಾಳೆ ತೋರಿಸಿ ನಂಬರಿಗೆ ಕರೆ ಮಾಡಿಕೊಡಿ ಎಂದು ಕೇಳಿ.

ಒಳಗೆ ಯಾರಾದರೂ ಹತ್ತಿರ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಅಂದರೆ ಹೋಗಬೇಡಿ. ಅಲ್ಲಿ ಮೀಟರ್ ಹಾಕುವ ಕಪ್ಪು ಟ್ಯಾಕ್ಸಿಗಳಿಗೆ ಹೊರಗೆ ಸಾಲು ಇದೆ. ಡ್ರೈವರ್‌ಗಳು ಪರೀಕ್ಷೆ ಪಾಸಾದವರು, ನಂಬಬಹುದು. ಆದರೆ ಪೇಟೆಯ ನಡುವಿಗೆ ಹೋಗಲು ಟ್ರಾಫಿಕ್ ಇದ್ದ ದಿನ ನೂರು ಪೌಂಡ್ ಹತ್ತಿರ ಆಗಬಹುದು. ಮಗ ಕಾರು ತರುತ್ತೇನೆ ಅಂದರೂ ಬಾಗಿಲ ಮುಂದೆ ನಿಲ್ಲಿಸುವಂತಿಲ್ಲ. ದುಡ್ಡು ಕೊಟ್ಟು ಪಾರ್ಕಿಂಗ್ ಕಟ್ಟಡದಲ್ಲೇ ನಿಲ್ಲಿಸಬೇಕು. ಅದಕ್ಕೇ ನಾವು ಈಗ ಮಗನಿಗೆ ರೈಲಿನಲ್ಲೇ ಬಾ ಅನ್ನುತ್ತೇವೆ.

ಮೂರು ರೈಲು, ಯಾವುದು ನಿಮ್ಮದು

ಹೀಥ್ರೋ ಲಂಡನ್ ಪೇಟೆಯ ನಡುವಿನಿಂದ ಪಶ್ಚಿಮಕ್ಕೆ ಸುಮಾರು 23 ಕಿಲೋಮೀಟರ್. ರೈಲು ನಿಲ್ದಾಣ ಕಟ್ಟಡದ ಕೆಳಗೇ ಇದೆ, ಲಿಫ್ಟ್ ಇದೆ. ಮೂರು ಥರದ ರೈಲು ಸಿಗುತ್ತವೆ.

ಪಿಕಡಿಲಿ ಲೈನ್ ಎಲ್ಲಕ್ಕಿಂತ ಅಗ್ಗ. ನಕ್ಷೆಯಲ್ಲಿ ಕಡು ನೀಲಿ ಗೆರೆ. 1977ರಿಂದ ವಿಮಾನ ನಿಲ್ದಾಣಕ್ಕೆ ಬರುತ್ತಿದೆ. ಪೇಟೆಯ ನಡುವಿಗೆ 2025ರಲ್ಲಿ ದರ 5.80 ಪೌಂಡ್ ಇತ್ತು. ಎಲ್ಲ ಕಡೆ ನಿಲ್ಲುತ್ತ ಹೋಗುತ್ತದೆ, 50ರಿಂದ 60 ನಿಮಿಷ. ಬೋಗಿ ಸಣ್ಣದು, ದೊಡ್ಡ ಬ್ಯಾಗ್ ಇಡಲು ಜಾಗ ಕಡಿಮೆ. ನಡುಪೇಟೆಯ ಹಲವು ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲದೆ ಮೆಟ್ಟಿಲು ಹತ್ತಬೇಕು. ಆದರೆ ಮಕ್ಕಳು ಹೌನ್ಸ್ಲೋದಲ್ಲಿದ್ದರೆ ಇದೇ ಸರಿ. ಅಲ್ಲಿ ನಮ್ಮ ದೇಶದವರು ಬಹಳ, ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಪೇಟೆಗೆ ಹೋಗಿ ವಾಪಸ್ ಬರಬೇಕಾಗಿಲ್ಲ.

ಎಲಿಜಬೆತ್ ಲೈನ್ 2022ರ ಮೇನಲ್ಲಿ ಶುರುವಾದದ್ದು. ನೇರಳೆ ಗೆರೆ. ವಯಸ್ಸಾದವರಿಗೆ, ಭಾರ ಇದ್ದವರಿಗೆ ನಾನು ಇದನ್ನೇ ಹೇಳುತ್ತೇನೆ. ಅಗಲವಾದ ಬೋಗಿ, ತಂಪು ಗಾಳಿ, ಎಲ್ಲ ನಿಲ್ದಾಣದಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮಿನ ತನಕ ಮೆಟ್ಟಿಲಿಲ್ಲದ ದಾರಿ. ಪ್ಯಾಡಿಂಗ್ಟನ್ ಅನ್ನುವ ದೊಡ್ಡ ರೈಲು ನಿಲ್ದಾಣಕ್ಕೆ ಅರ್ಧ ತಾಸು. ಅಲ್ಲಿಂದ ಬಾಂಡ್ ಸ್ಟ್ರೀಟ್, ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಲಿವರ್‌ಪೂಲ್ ಸ್ಟ್ರೀಟ್ ದಾಟಿ ಪೂರ್ವಕ್ಕೆ ಹೋಗುತ್ತದೆ. ಪಂಜಾಬಿಗಳು ಜಾಸ್ತಿ ಇರುವ ಸೌತಾಲ್ ಕೂಡ ಇದೇ ದಾರಿಯಲ್ಲಿದೆ. ನಡುಪೇಟೆಗೆ 2025ರಲ್ಲಿ ಹದಿಮೂರು-ಹದಿನಾಲ್ಕು ಪೌಂಡ್ ಆಗುತ್ತಿತ್ತು. ಪಿಕಡಿಲಿಗಿಂತ ಎರಡು ಪಟ್ಟು ಜಾಸ್ತಿ, ನಿಜ. ಆದರೆ ಹತ್ತು ತಾಸು ವಿಮಾನದಲ್ಲಿ ಕೂತು ಬಂದ ಮೊಣಕಾಲಿಗೆ ಆ ದುಡ್ಡು ಜಾಸ್ತಿ ಅಲ್ಲ. ಇಲ್ಫರ್ಡಿಗೂ ಇದೇ ಲೈನ್ ಹೋಗುವುದರಿಂದ ನಮಗಂತೂ ಇದು ಬಂದ ಮೇಲೆ ನಿರಾಳವಾಯಿತು.

ಹೀಥ್ರೋ ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ. ಆಗಲೇ ಹೋಗಿ ಕೊಂಡರೆ 2025ರಲ್ಲಿ ಸುಮಾರು 25 ಪೌಂಡ್ ಇತ್ತು. ಅದು ಪ್ಯಾಡಿಂಗ್ಟನ್ ಬಿಟ್ಟು ಮುಂದೆ ಹೋಗುವುದಿಲ್ಲ. ನಿಮಗೆ ಬೇಡ.

ಟಿಕೆಟ್ ಕೊಳ್ಳುವ ಸಾಲು ಬೇಕಾಗಿಲ್ಲ. ಗೇಟಿನ ಮೇಲೆ ದುಂಡನೆಯ ಹಳದಿ ಗುಂಡಿ ಇದೆ. ಬ್ಯಾಂಕ್ ಕಾರ್ಡನ್ನು ಅದಕ್ಕೆ ಮುಟ್ಟಿಸಿದರೆ ಗೇಟ್ ತೆರೆಯುತ್ತದೆ. ಇಳಿದ ಮೇಲೆ ಹೊರಗೆ ಹೋಗುವಾಗಲೂ ಅದೇ ಕಾರ್ಡ್ ಮುಟ್ಟಿಸಬೇಕು. ಮರೆತರೆ ಜಾಸ್ತಿ ದುಡ್ಡು ಹಿಡಿಯುತ್ತಾರೆ. ಒಳಗೆ ಹೋಗುವಾಗ ಕಾರ್ಡ್, ಹೊರಗೆ ಬರುವಾಗ ಫೋನ್ ಹೀಗೆ ಮಾಡಬೇಡಿ. ಬ್ಯಾಂಕ್ ಒಂದೇ ಆದರೂ ಯಂತ್ರಕ್ಕೆ ಅವು ಬೇರೆ ಬೇರೆ. ಒಂದು ಕಾರ್ಡಿನಲ್ಲಿ ಒಬ್ಬರು ಮಾತ್ರ. ಗಂಡ-ಹೆಂಡತಿಗೆ ಎರಡು ಕಾರ್ಡ್ ಅಂದದ್ದು ಇದಕ್ಕೇ. ಲಂಡನ್ನಿನ ಕೆಂಪು ಬಸ್ಸಿನಲ್ಲೂ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ, ಅಲ್ಲೂ ಕಾರ್ಡೇ. ಕಾರ್ಡ್ ಎಲ್ಲೂ ನಡೆಯದಿದ್ದರೆ ನಿಲ್ದಾಣದಲ್ಲಿ ಆಯ್ಸ್ಟರ್ ಕಾರ್ಡ್ ಸಿಗುತ್ತದೆ, ದುಡ್ಡು ತುಂಬಿಸಿ ಬಳಸಬಹುದು.

ತಪ್ಪು ಟರ್ಮಿನಲ್‌ನಲ್ಲಿದ್ದೀರಿ ಅಂತ ಗೊತ್ತಾದರೆ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ರೈಲು ಉಚಿತ. 4ರಿಂದ 5ಕ್ಕೆ ಹೋಗುವವರು 2 ಮತ್ತು 3ರ ನಿಲ್ದಾಣದಲ್ಲಿ ಇಳಿದು ಬದಲಿಸಬೇಕು.

ರಾತ್ರಿ ಹನ್ನೆರಡರ ಸುಮಾರಿಗೆ ರೈಲು ನಿಲ್ಲುತ್ತವೆ. ಶುಕ್ರವಾರ, ಶನಿವಾರ ರಾತ್ರಿ ಮಾತ್ರ ಪಿಕಡಿಲಿ ನಡೆಯುತ್ತದೆ, ಅದೂ 4ನೇ ಟರ್ಮಿನಲ್‌ಗೆ ಇಲ್ಲ. ಉಳಿದ ರಾತ್ರಿ ಎನ್-9 ಬಸ್ ಇದೆ. ಮಕ್ಕಳು ಬರ್ಮಿಂಗ್‌ಹ್ಯಾಮ್‌ನಂಥ ಬೇರೆ ಊರಲ್ಲಿದ್ದರೆ ಲಂಡನ್ ಪೇಟೆಗೆ ಹೋಗಲೇಬೇಡಿ. 2 ಮತ್ತು 3ರ ನಡುವಿನ ಬಸ್ ನಿಲ್ದಾಣದಿಂದ ನ್ಯಾಷನಲ್ ಎಕ್ಸ್‌ಪ್ರೆಸ್ ಬಸ್ಸು ನೇರ ಹೋಗುತ್ತವೆ. ಕಷ್ಟ ಬಂದರೆ ಫೋನಿನಲ್ಲಿ 999. ನಮ್ಮ 112 ಒತ್ತಿದರೂ ಅಲ್ಲಿ ತಾಗುತ್ತದೆ.

ಒಂದು ದಿನ ಆರಾಮ ಆದ ಮೇಲೆ

ದಣಿವು ಇಳಿದ ಮೇಲೆ ಮಕ್ಕಳನ್ನು ಕರೆದುಕೊಂಡು ಒಂದು ಕಡೆ ಹೋಗಿ ಬನ್ನಿ. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪುತ್ಥಳಿ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಬಸವನ ಬಾಗೇವಾಡಿಯಲ್ಲಿ ಹುಟ್ಟಿ, ಕೃಷ್ಣೆ-ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಐಕ್ಯರಾದವರು, ಅಲ್ಲಿ ಇನ್ನೊಂದು ನದಿಯ ದಂಡೆಯಲ್ಲಿದ್ದಾರೆ. ನದಿಯಾಚೆ ಬ್ರಿಟನ್ನಿನ ಪಾರ್ಲಿಮೆಂಟ್ ಕಾಣುತ್ತದೆ. ನನ್ನ ಹೆಂಡತಿ ಮೊದಲ ಸಲ ಅಲ್ಲಿ ನಿಂತಾಗ ಕಣ್ಣೀರು ಹಾಕಿದಳು.

ಹೋಗುವ ದಾರಿ ಸುಲಭ. ಪಿಕಡಿಲಿ ಲೈನಿನಲ್ಲಿ ಗ್ರೀನ್ ಪಾರ್ಕ್ ತನಕ ಹೋಗಿ, ಅಲ್ಲಿ ಲಿಫ್ಟ್ ಇದೆ. ವಿಕ್ಟೋರಿಯಾ ಲೈನಿಗೆ ಬದಲಿಸಿ. ಇದರ ಬಣ್ಣ ತಿಳಿನೀಲಿ. ದಕ್ಷಿಣಕ್ಕೆ ಹೋಗುವ ರೈಲು ಹತ್ತಿ ಮೂರನೇ ನಿಲ್ದಾಣ ವಾಕ್ಸಾಲ್‌ನಲ್ಲಿ ಇಳಿಯಿರಿ. ಹೊರಗೆ ಬಂದು ನದಿಯನ್ನು ಎಡಕ್ಕೆ ಇಟ್ಟುಕೊಂಡು ಲ್ಯಾಂಬೆತ್ ಸೇತುವೆಯ ಕಡೆಗೆ ನಡೆಯಿರಿ. ಸಮತಟ್ಟು ದಾರಿ, ನಿಧಾನ ಹೋಗಿ. ನದಿಯ ಗಾಳಿ ಚಳಿ, ಬೇಸಿಗೆಯಲ್ಲೂ ಶಾಲು ಇರಲಿ. ವಾಪಸ್ ಬರುವಾಗ ನದಿ ನಿಮ್ಮ ಬಲಕ್ಕೆ ಇರಬೇಕು.